ಪಿತ್ತನಾಳದ ಕ್ಯಾನ್ಸರ್: ಆಪರೇಷನ್ ಆಗದಿದ್ದಾಗ ಇರುವ ದಾರಿಗಳು

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದುದು ಹೆಪಟೋಸೆಲ್ಯುಲರ್ ಕಾರ್ಸಿನೋಮ. ಅದಕ್ಕಿಂತ ವಿರಳವಾದುದು ಪಿತ್ತನಾಳದ ಕ್ಯಾನ್ಸರ್. ವೈದ್ಯರು ಇದನ್ನು ಕೊಲಾಂಜಿಯೋಕಾರ್ಸಿನೋಮ ಎನ್ನುತ್ತಾರೆ. ಇದು ಬಹುಕಾಲ ನೋವು ಕೊಡದೆ ಬೆಳೆಯುತ್ತದೆ. ಕಣ್ಣು ಹಳದಿಯಾಗುವುದು, ಮೈ ತುರಿಕೆ, ಗಾಢ ಬಣ್ಣದ ಮೂತ್ರ, ಬಿಳಿಚಿದ ಮಲ ಇದರ ಲಕ್ಷಣಗಳು. ಕಾಮಾಲೆಯೆಂದು ನಾಟಿ ಔಷಧಿ ಮಾಡುತ್ತ ವಾರಗಟ್ಟಲೆ ಕಳೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅನೇಕರಲ್ಲಿ ಆಪರೇಷನ್‌ನ ಹಂತ ದಾಟಿರುತ್ತದೆ.

"ಆಪರೇಷನ್ ಆಗುವುದಿಲ್ಲ" ಎಂದರೆ "ಮಾಡುವುದೇನೂ ಉಳಿದಿಲ್ಲ" ಎಂದು ಮನೆಯವರು ತಿಳಿಯುತ್ತಾರೆ. ಹಾಗಲ್ಲ. ಇಂಟರ್ವೆನ್ಷನಲ್ ರೇಡಿಯಾಲಜಿ ವಿಭಾಗದ ಅಭಿಪ್ರಾಯವನ್ನೂ ಕೇಳಬೇಕು. ಈ ವೈದ್ಯರು ಅಲ್ಟ್ರಾಸೌಂಡ್, ಎಕ್ಸ್‌ರೇ, ಸಿಟಿ ನೋಡುತ್ತ ಚರ್ಮದ ಮೂಲಕ ಸೂಜಿ ಅಥವಾ ಸಣ್ಣ ನಳಿಕೆ ತೂರಿಸಿ ಚಿಕಿತ್ಸೆ ಮಾಡುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ.

ಪಿತ್ತಕ್ಕೆ ದಾರಿ ಮಾಡುವುದು

ಲಿವರ್‌ನ ಎಡ ಮತ್ತು ಬಲ ಪಿತ್ತನಾಳಗಳು ಕೂಡುವ ಜಾಗದಲ್ಲೇ ಈ ಕ್ಯಾನ್ಸರ್ ಹೆಚ್ಚು. 1965ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಅಮೆರಿಕದ ವೈದ್ಯ ಜೆರಾಲ್ಡ್ ಕ್ಲಾಟ್ಸ್‌ಕಿನ್ ಅವರ ಹೆಸರಿನಿಂದ ಇದನ್ನು ಕ್ಲಾಟ್ಸ್‌ಕಿನ್ ಗಡ್ಡೆ ಎನ್ನುತ್ತಾರೆ. ಬಾಯಿಯಿಂದ ಎಂಡೋಸ್ಕೋಪಿ ಮಾಡಿ ಅಲ್ಲಿಗೆ ತಲುಪುವುದು ಕೆಲವೊಮ್ಮೆ ಕಷ್ಟ. ಆಗ ಪಿ.ಟಿ.ಬಿ.ಡಿ. ಮಾಡುತ್ತಾರೆ. ಲಿವರ್‌ನೊಳಗಿನ ಪಿತ್ತನಾಳಕ್ಕೆ ಹೊರಗಿನಿಂದ ನಳಿಕೆ ಇಟ್ಟು, ಪಿತ್ತ ಚೀಲಕ್ಕೆ ಹರಿಯುವಂತೆ ಮಾಡುತ್ತಾರೆ. ಮುಂದೆ ಒಳಗೇ ಲೋಹದ ಸ್ಟೆಂಟ್ ಹಾಕಬಹುದು. ತುರಿಕೆ ತಗ್ಗುತ್ತದೆ. ಬಿಲಿರುಬಿನ್ ಇಳಿದರೆ ಕೀಮೋಥೆರಪಿಗೂ ಅವಕಾಶವಾಗುತ್ತದೆ. ನಳಿಕೆ ಇರುವವರಿಗೆ ಚಳಿಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಳಿಯುವ ಲಿವರ್ ಬೆಳೆಸುವುದು

ಗಡ್ಡೆ ತೆಗೆದರೆ ಉಳಿಯುವ ಲಿವರ್ ಸಾಲದು ಎನ್ನುವುದೇ ಕೆಲವರಿಗೆ ಆಪರೇಷನ್ ಬೇಡವೆನ್ನಲು ಕಾರಣ. ತೆಗೆಯಬೇಕಾದ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳದ ಕವಲನ್ನು ಮುಚ್ಚಿದರೆ ಇನ್ನೊಂದು ಭಾಗ ಸುಮಾರು 4ರಿಂದ 6 ವಾರಗಳಲ್ಲಿ ಬೆಳೆಯುತ್ತದೆ. 1980ರ ದಶಕದಲ್ಲಿ ಜಪಾನಿನ ಮಸತೋಶಿ ಮಕುಉಚಿ ಮತ್ತು ಸಂಗಡಿಗರು ಇದನ್ನು ಬಳಕೆಗೆ ತಂದರು. ಆಗದೆಂದ ಆಪರೇಷನ್ ಇದರಿಂದ ಕೆಲವರಿಗೆ ಸಾಧ್ಯವಾಗುತ್ತದೆ.

ಲಿವರ್‌ನೊಳಗಿನ ಗಡ್ಡೆಗೆ

ಗಡ್ಡೆ ಸಣ್ಣದಿದ್ದರೆ, ಸಾಮಾನ್ಯವಾಗಿ 3 ಸೆಂ.ಮೀ. ಒಳಗೆ, ಸೂಜಿಯ ತುದಿಯ ಶಾಖದಿಂದ ಸುಡಬಹುದು. ದೊಡ್ಡ ಪಿತ್ತನಾಳದ ಪಕ್ಕದಲ್ಲಿದ್ದರೆ ಇದು ಅಪಾಯ.

ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಬರುವುದು ಪೋರ್ಟಲ್ ರಕ್ತನಾಳದಿಂದ. ಗಡ್ಡೆ ಮಾತ್ರ ಹೆಚ್ಚಾಗಿ ಹೆಪಾಟಿಕ್ ಅಪಧಮನಿಯ ರಕ್ತದಿಂದ ಬೆಳೆಯುತ್ತದೆ. ಆದ್ದರಿಂದ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ನಳಿಕೆ ಒಯ್ದು, ಆ ಅಪಧಮನಿಯ ಮೂಲಕ ಕೀಮೋ ಔಷಧಿ ಕೊಟ್ಟು ದಾರಿ ಮುಚ್ಚುತ್ತಾರೆ. ಇದು ಟೇಸ್. ಔಷಧಿಯ ಬದಲು ಇಟ್ರಿಯಂ-90 ಎಂಬ ವಿಕಿರಣ ವಸ್ತುವಿನ ಸೂಕ್ಷ್ಮ ಮಣಿಗಳನ್ನು ಬಿಟ್ಟರೆ ಅದು ಟೇರ್. ಈ ವಿಕಿರಣದ ಶಕ್ತಿ ಸುಮಾರು 64 ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಮಣಿಗಳು ಶ್ವಾಸಕೋಶಕ್ಕೆ ಸೋರುವುದೇ ಎಂದು ಮೊದಲೇ ಪರೀಕ್ಷೆ ಮಾಡುತ್ತಾರೆ.

ಮಿತಿಯೂ ತಿಳಿದಿರಲಿ

ಇವು ಬಹುತೇಕ ರೋಗವನ್ನು ಹತೋಟಿಯಲ್ಲಿಡುವ ಚಿಕಿತ್ಸೆಗಳು. ಪೂರ್ತಿ ಗುಣದ ಭರವಸೆಯಲ್ಲ. ಟೇಸ್‌ನಿಂದ ಆಯುಷ್ಯ ಹೆಚ್ಚುತ್ತದೆಂದು 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್ ಅಧ್ಯಯನಗಳು ತೋರಿಸಿದ್ದು ಹೆಪಟೋಸೆಲ್ಯುಲರ್ ಕ್ಯಾನ್ಸರ್‌ನಲ್ಲಿ. ಪಿತ್ತನಾಳದ ಕ್ಯಾನ್ಸರ್‌ನಲ್ಲಿ ಅಷ್ಟು ಬಲವಾದ ಪುರಾವೆ ಇಲ್ಲ. ಆಪರೇಷನ್ ಆಗದವರಿಗೆ ಕೀಮೋಥೆರಪಿಯೇ ಮುಖ್ಯ ಆಧಾರ. ಟೇಸ್ ನಂತರ ಕೆಲವು ದಿನ ಜ್ವರ, ನೋವು, ವಾಕರಿಕೆ ಬರಬಹುದು. ಹೊಟ್ಟೆಯಲ್ಲಿ ನೀರು ತುಂಬಿ ಲಿವರ್ ಬಹಳ ಸೋತಿದ್ದರೆ ಇಂಥ ಚಿಕಿತ್ಸೆಯಿಂದ ಹಾನಿಯೇ ಹೆಚ್ಚು.

ವೈದ್ಯರನ್ನು ಕೇಳಬೇಕಾದವು

1. ಸರ್ಜನ್, ಕೀಮೋ ವೈದ್ಯರು, ರೇಡಿಯಾಲಜಿ ವೈದ್ಯರು ಒಟ್ಟಿಗೆ ಕುಳಿತು ಈ ಸ್ಕ್ಯಾನ್ ನೋಡಿದ್ದಾರೆಯೇ?
2. ಚಿಕಿತ್ಸೆಯ ಉದ್ದೇಶ ಗುಣಪಡಿಸುವುದೇ, ಸಮಯ ಹೆಚ್ಚಿಸುವುದೇ, ಕಾಮಾಲೆ ಇಳಿಸುವುದೇ?
3. ಎಷ್ಟು ಬಾರಿ ಮಾಡಬೇಕು, ಒಟ್ಟು ಖರ್ಚೆಷ್ಟು?

ಸ್ಕ್ಯಾನ್ ಸಿ.ಡಿ., ಬಯಾಪ್ಸಿ ವರದಿ, ಹಳೆಯ ಡಿಸ್ಚಾರ್ಜ್ ಕಾಗದಗಳನ್ನು ಜೊತೆಗೊಯ್ಯಿರಿ. ಮೊದಲೇ ಸ್ಟೆಂಟ್ ಹಾಕಿದ್ದರೆ ತಪ್ಪದೆ ಹೇಳಿ. ಅಂಥವರಲ್ಲಿ ಟೇಸ್ ಅಥವಾ ಸುಡುವ ಚಿಕಿತ್ಸೆಯ ನಂತರ ಲಿವರ್‌ನಲ್ಲಿ ಕೀವು ಕಟ್ಟುವ ಸಂಭವ ಹೆಚ್ಚು.