ಗೊಂಬೆ ನರಳುವುದಿಲ್ಲ

1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ಗೊಂಬೆಯೊಂದು ಬಂತು. ಮಕ್ಕಳ ಗೊಂಬೆಗಳಿಗೆ ಹೆಸರಾಗಿದ್ದ ಮಾರ್ಥಾ ಚೇಸ್ ಅವರ ಬಳಿ ಶಾಲೆಯ ಮುಖ್ಯಸ್ಥೆ ಹೇಳಿ ಮಾಡಿಸಿದ್ದು. ‘ಮಿಸೆಸ್ ಚೇಸ್’ ಎಂದೇ ಅದಕ್ಕೆ ಹೆಸರು ಬಿತ್ತು. ಮಗ್ಗುಲು ಬದಲಿಸುವುದು, ಬಟ್ಟೆ ತೊಡಿಸುವುದು, ಹಾಸಿಗೆಯಿಂದ ಎತ್ತುವುದನ್ನೆಲ್ಲ ಹುಡುಗಿಯರು ಅದರ ಮೇಲೆ ಕಲಿತರು. ಮುಂದೆ ಅದರ ತೋಳಿನಲ್ಲಿ ಇಂಜೆಕ್ಷನ್ ಚುಚ್ಚಲೂ ಜಾಗ ಮಾಡಿದರು. ತಪ್ಪುವುದಾದರೆ ರೋಗಿಯ ಮೈಮೇಲೆ ತಪ್ಪಬಾರದು ಎಂಬುದೇ ಲೆಕ್ಕ.

ನಮ್ಮ ಕಾಲೇಜುಗಳ ಸ್ಕಿಲ್ ಲ್ಯಾಬಿನಲ್ಲಿ ಈಗಲೂ ನಡೆಯುವುದು ಇದೇ. ಮೇಡಂ ಮಾಡಿ ತೋರಿಸುತ್ತಾರೆ, ವಿದ್ಯಾರ್ಥಿ ಹಾಗೇ ಮಾಡಿ ತೋರಿಸಬೇಕು. ಹುಡುಗರ ಬಾಯಲ್ಲಿ ಇದು ‘ರಿಟರ್ನ್ ಡೆಮೊ’. ಕ್ಯಾತಿಟರ್ ಹಾಕುವಾಗ ಸ್ಟೆರೈಲ್ ಗ್ಲೌಸ್ ಹಾಸಿಗೆಗೆ ತಾಗಿತೋ, ಅಲ್ಲೇ ತಡೆದು ಗ್ಲೌಸ್ ಬದಲಿಸಲು ಹೇಳಬೇಕು. ಆ ಗಳಿಗೆಯಲ್ಲಿ ಬಿದ್ದ ಮಾತು ಕೈಗೆ ಹತ್ತುತ್ತದೆ. ವಾರ ಕಳೆದು ಅಂಕ ಕತ್ತರಿಸಿದರೆ ಬೇಜಾರು ಉಳಿಯುತ್ತದೆ, ಪಾಠ ಉಳಿಯುವುದಿಲ್ಲ.

ಆದರೆ ಗೊಂಬೆ ಬೆವರುವುದಿಲ್ಲ, ಹೆದರುವುದೂ ಇಲ್ಲ. ಅದರ ಮೇಲೆ ಕಲಿತದ್ದಷ್ಟೇ ವಾರ್ಡಿಗೆ ಸಾಲದು. ನರ್ಸ್ ಹಂತಹಂತವಾಗಿ ಹೇಗೆ ಪಳಗುತ್ತಾಳೆ ಎಂಬುದನ್ನು ನರ್ಸಿಂಗ್ ತಜ್ಞೆ ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಚೆಸ್ ಆಟಗಾರರನ್ನೂ ವಿಮಾನ ಚಾಲಕರನ್ನೂ ಗಮನಿಸಿ ಡ್ರೈಫಸ್ ಸೋದರರು ರೂಪಿಸಿದ್ದ ಕೌಶಲ ಕಲಿಕೆಯ ಐದು ಹಂತಗಳೇ ಅವರಿಗೆ ಆಧಾರ. ಹೊಸಬರಿಗೆ ನಿಯಮವೇ ಊರುಗೋಲು. ಆಪರೇಷನ್ ಆದ ರೋಗಿಯ ಬಿಪಿ 110/70 ಇದ್ದರೆ ಚಾರ್ಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಹಳೆಯ ಸಿಸ್ಟರ್ ಅಲ್ಲಿಂದ ಕದಲುವುದಿಲ್ಲ. ನಾಡಿ ಏರುತ್ತಿದೆ, ಕೈ ತಣ್ಣಗಿದೆ, ಮನುಷ್ಯ ಸುಮ್ಮನೆ ಮಲಗುತ್ತಿಲ್ಲ. ಒಳಗೆಲ್ಲೋ ರಕ್ತ ಸೋರುತ್ತಿರಬಹುದೆಂದು ಡಾಕ್ಟರನ್ನು ಕರೆಸುತ್ತಾರೆ. ಬಿಪಿ ಕುಸಿಯುವವರೆಗೆ ಕಾಯುವುದಿಲ್ಲ.

ಈ ಅನುಮಾನವನ್ನು ಕಲಿಸುವುದು ಹೇಗೆ? ಬೋರ್ಡಿನ ಮೇಲೆ ಬರೆದರಾಗದು. ಹಾಸಿಗೆಯ ಪಕ್ಕದಲ್ಲಿ ನಿಂತು, ತನಗೆ ಏನು ಕಂಡಿತು, ಯಾಕೆ ಸಂಶಯ ಬಂತು ಎಂಬುದನ್ನು ಟೀಚರ್ ಬಾಯಿಬಿಟ್ಟು ಹೇಳಬೇಕು. ಆಮೇಲೆ ‘ನಿನಗೇನು ಕಾಣಿಸಿತು?’ ಎಂದು ಕೇಳಿ ಕಾಯಬೇಕು. ಹೀಗೆ ಕಾಯುವ ವ್ಯವಧಾನವೇ ಅಪರೂಪ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗನ್ನು ಸೆಮಿಸ್ಟರ್ ಪದ್ಧತಿಗೆ ತಂದು, ಕೌಶಲಕ್ಕೂ ಸಿಮ್ಯುಲೇಷನ್‌ಗೂ ಪಠ್ಯಕ್ರಮದಲ್ಲಿ ಜಾಗ ಕೊಟ್ಟಿತು. ಒಳ್ಳೆಯದೇ. ಆದರೂ ರಾತ್ರಿಯೆಲ್ಲ ಕೂತು ರೆಕಾರ್ಡ್ ಬುಕ್ಕಿಗೆ ಗೆರೆ ಎಳೆಯುವ, ಹಿಂದಿನ ಬ್ಯಾಚಿನ ಕೇರ್ ಪ್ಲಾನ್ ನಕಲು ಮಾಡುವ ರೂಢಿ ಎಷ್ಟೋ ಕಡೆ ಹೋಗಿಲ್ಲ. ಅಂದವಾದ ರೆಕಾರ್ಡು ರೋಗಿಯ ಯಾವ ಕೆಲಸಕ್ಕೂ ಬಾರದು.

ಭಾಷೆಯದು ಇನ್ನೊಂದು ತೊಡಕು. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಕೇರಳದ ಮಕ್ಕಳು ಬಹಳ. ‘ಎದೆ ಹಿಡ್ಕೊಂಡಂಗಾಯ್ತು’ ಎಂದು ಅಜ್ಜಿಯೊಬ್ಬರು ಹೇಳಿದಾಗ ಇಂಗ್ಲಿಷಿನಲ್ಲಿ ಓದಿದ ಲಕ್ಷಣಗಳ ಪಟ್ಟಿ ಕೈಕೊಡುತ್ತದೆ. ವಾರ್ಡಿನ ಕನ್ನಡವನ್ನೂ ಪ್ರೊಸೀಜರಿನಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿಸಬೇಕು.

ಮಗಳನ್ನೋ ಮಗನನ್ನೋ ನರ್ಸಿಂಗಿಗೆ ಸೇರಿಸಲು ಹೊರಟವರು ಕಟ್ಟಡ, ಲ್ಯಾಬಿನ ಗೊಂಬೆಗಳನ್ನು ನೋಡಿ ಬಂದರೆ ಸಾಲದು. ವಾರ್ಡಿನಲ್ಲಿ ಮಕ್ಕಳ ಜೊತೆ ಯಾವ ಟೀಚರ್ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಲ್ಲಿನ ಸೀನಿಯರ್‌ಗಳನ್ನೇ ಕೇಳಿ.