ಮುಕ್ತಿನಾಥದ ದಾರಿಯಲ್ಲಿ ಮೈಯ ಜೋಪಾನ

ನಮ್ಮ ಸಂಘದ ಬಂಧುಗಳಲ್ಲಿ ನೇಪಾಳದ ಯಾತ್ರೆಗೆ ಹೊರಡುವವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಮನೆಯ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತ ಬಂದ ಸಾಲಿಗ್ರಾಮದ ತವರು ಕಾಳಿ ಗಂಡಕಿ ನದಿ. ಅದನ್ನೊಮ್ಮೆ ಕಣ್ಣಾರೆ ಕಾಣಬೇಕು, ಮುಕ್ತಿನಾಥನ ೧೦೮ ಧಾರೆಗಳ ಕೆಳಗೆ ತಲೆಯೊಡ್ಡಬೇಕು ಎಂಬ ಆಸೆ ನಮ್ಮ ಹಿರಿಯರಲ್ಲಿ ಬಹುಮಂದಿಗೆ ಇದೆ. ವೀಸಾದ ತೊಡಕಿಲ್ಲ, ಗೋರಖಪುರದವರೆಗೆ ರೈಲು, ಅಲ್ಲಿಂದ ಮೋಟಾರಿನಲ್ಲಿ ಸೋನೌಲಿ, ಗಡಿಯನ್ನು ನಡೆದೇ ದಾಟಬಹುದು. ಇಷ್ಟು ಸಲೀಸಾಗಿರುವುದರಿಂದಲೇ ಅದು ಪರದೇಶವೆಂಬುದು ಮರೆತುಹೋಗುತ್ತದೆ. ಪಂಢರಪುರಕ್ಕೆ ಹೊರಟಂತೆ ಗಂಟು ಕಟ್ಟಿಕೊಂಡು ಹೊರಡುತ್ತೇವೆ. ನಾವು ಹೊರಟದ್ದೂ ಹಾಗೆಯೇ.

೨೦೨೩ರ ಏಪ್ರಿಲ್‌ನಲ್ಲಿ ಪುಣೆಯಿಂದ ಹೊರಟ ನಾವು ಎಂಟು ಮಂದಿ. ಎಲ್ಲರಿಗಿಂತ ಹಿರಿಯರು ನಮ್ಮ ಸೋದರತ್ತೆ. ಧಾರವಾಡದವರು, ವಯಸ್ಸು ೭೧. ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಅವರ ಚೀಲದಲ್ಲಿ ಒಂದು ಪುಟ್ಟ ವಿದ್ಯುತ್ ಕೆಟಲ್ ಇತ್ತು. ತಂಗಿದಲ್ಲೆಲ್ಲ ನೀರು ಕಾಯಿಸಿ, ಆರಿಸಿ, ಎಲ್ಲರ ಬಾಟಲಿಗೂ ತುಂಬಿಸುವುದು ಅವರ ಕೈಂಕರ್ಯ. ಭೈರಹವಾದ ಬಿಸಿಲಿನಲ್ಲಿ ನಮ್ಮ ಪೈಕಿ ಒಬ್ಬ ತರುಣ, ಅತ್ಯಾ ಬೇಡವೆಂದರೂ ಕೇಳದೆ, ಮಂಜುಗಡ್ಡೆ ಹಾಕಿದ ಕಬ್ಬಿನ ಹಾಲು ಕುಡಿದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಪೊಖರಾ ಮುಟ್ಟುವ ಹೊತ್ತಿಗೆ ಅವನು ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಇಂಥ ಹೊಟ್ಟೆಗೆ ಮೊದಲ ಮದ್ದು ಓಆರ್‌ಎಸ್ ಪುಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಕದಡಬೇಕು, ಕಣ್ಣಳತೆ ಸಲ್ಲದು. ಪುಡಿ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಜ್ವರ ಬಂದರೆ ಅಥವಾ ರಕ್ತ ಬಿದ್ದರೆ ಡಾಕ್ಟರನ್ನೇ ಕಾಣಬೇಕು. ನೀರು ಕೊತಕೊತ ಒಂದು ನಿಮಿಷ ಕುದಿದರೆ ಸಾಕು. ೨,೦೦೦ ಮೀಟರಿಗೆ ಮೇಲೆ ಮೂರು ನಿಮಿಷ ಕುದಿಯಬೇಕು, ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಊಟದ ವಿಷಯದಲ್ಲಿ ನೇಪಾಳದಲ್ಲಿ ನಮಗೆ ಕಷ್ಟವೇ ಇಲ್ಲ. ಹಬೆಯಾಡುವ ಅನ್ನ, ಬೇಳೆ, ಪಲ್ಯ ಪ್ರತಿಯೊಂದು ಊರಿನಲ್ಲಿ ಸಿಗುತ್ತದೆ. ಹಸಿ ಮೂಲಂಗಿ, ಚಟ್ನಿ ಮಾತ್ರ ತಟ್ಟೆಯ ಬದಿಯಲ್ಲೇ ಉಳಿಯಲಿ.

ಸೊಳ್ಳೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ೨೦೨೨ರಲ್ಲಿ ನೇಪಾಳದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗ್ಯೂ ತಗಲಿತ್ತು. ತುಂಬುತೋಳಿನ ಅಂಗಿ, ಹಗಲಿನಲ್ಲೂ ಸೊಳ್ಳೆಯ ಮುಲಾಮು ಬೇಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಗುಳಿಗೆಯನ್ನು ತಾವಾಗಿ ನುಂಗಬಾರದು. ಪಶುಪತಿನಾಥದ ಕೋತಿಗಳು ಕೈಯಲ್ಲಿದ್ದ ಬಾಳೆಹಣ್ಣಿಗಾಗಿ ಪರಚುತ್ತವೆ. ಪರಚಿದರೂ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ಅರಿಸಿನ ಹಚ್ಚಿ ಸುಮ್ಮನಿರುವ ಗಾಯವಲ್ಲ ಅದು.

ಇವೆಲ್ಲ ನಮಗೆ ಅಷ್ಟಿಷ್ಟು ಗೊತ್ತಿದ್ದ ಸಂಗತಿಗಳೇ. ಗೊತ್ತಿಲ್ಲದಿದ್ದದ್ದು ಎತ್ತರದ ಮಾತು.

ಯಾತ್ರೆ ಏರ್ಪಡಿಸಿದ ಮಹಾಶಯರ ಪಟ್ಟಿಯಲ್ಲಿ ಹೀಗಿತ್ತು: ಬೆಳಗ್ಗೆ ಪೊಖರಾದಿಂದ ಜೊಮ್‌ಸೊಮ್‌ಗೆ ವಿಮಾನ, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ, ರಾತ್ರಿ ಅಲ್ಲೇ ವಸತಿ. ಒಂದು ದಿನ ಉಳಿಯಿತೆಂದು ನಾವೆಲ್ಲ ಹಿಗ್ಗಿದೆವು. ಪೊಖರಾ ಸುಮಾರು ೮೦೦ ಮೀಟರ್ ಎತ್ತರದಲ್ಲಿದೆ. ಇಪ್ಪತ್ತು ನಿಮಿಷದ ಹಾರಾಟದಲ್ಲಿ ಇಳಿಯುವ ಜೊಮ್‌ಸೊಮ್ ೨,೭೦೦ ಮೀಟರ್. ಮುಕ್ತಿನಾಥ ೩,೭೦೦ಕ್ಕೂ ಮೇಲೆ. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು! ಕಡಲ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲಿನಷ್ಟೇ ಅಲ್ಲಿ ಸಿಗುತ್ತದೆ. ಮೈ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ನಾವು ಅದಕ್ಕೆ ಒಂದು ಮುಂಜಾವನ್ನು ಕೊಟ್ಟಿದ್ದೆವು.

ಅತ್ಯಾ ಅಂದು ದೇವರ ದರ್ಶನವಾಗುವವರೆಗೆ ಉಪವಾಸವೆಂದಿದ್ದರು. ಮೇಲಾಗಿ, ದಾರಿಯಲ್ಲಿ ಶೌಚದ ಅನುಕೂಲವಿಲ್ಲವೆಂದು ನೀರನ್ನೂ ಕುಡಿದಿರಲಿಲ್ಲ. ಎಲ್ಲರಿಗೂ ಬಾಟಲಿ ತುಂಬಿಕೊಟ್ಟವರು ತಾವು ಮಾತ್ರ ಕುಡಿಯಲಿಲ್ಲ. ನಮ್ಮ ಹೆಂಗಸರು ಪ್ರವಾಸದಲ್ಲಿ ಮಾಡುವ ಈ ಕೆಲಸವನ್ನು ಮನೆಯ ಗಂಡಸರು ಗಮನಿಸುವುದೇ ಇಲ್ಲ, ನಾವೂ ಗಮನಿಸಲಿಲ್ಲ. ಗುಡಿಯ ಕೆಳಗಿನ ರಾಣಿಪೌವಾದಲ್ಲಿ ಇಳಿದಾಗ ಅವರಿಗೆ ತಲೆನೋವು. ಪಿತ್ತವೆಂದರು. ದರ್ಶನವನ್ನು ಬೆಳಗಿಗೆ ಇಟ್ಟುಕೊಂಡೆವು. ಸಂಜೆಗೆ ಎರಡು ಸಲ ವಾಂತಿಯಾಯಿತು. ರಾತ್ರಿ ಎಂಟರ ಸುಮಾರಿಗೆ ಬಚ್ಚಲಿಗೆ ಹೋಗಲು ಎದ್ದವರು ಗೋಡೆ ಹಿಡಿದು ತೂರಾಡಿದರು.

ವಸತಿಯ ಯಜಮಾನಿ ಅದನ್ನು ಕಂಡಳು. ನೆಲದ ಹಲಗೆಯ ಗೆರೆ ತೋರಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಯಿರಿ ಎಂದಳು. ಅತ್ಯಾ ಮೂರನೆಯ ಹೆಜ್ಜೆಗೆ ವಾಲಿದರು. “ಈಗಲೇ ಕೆಳಗಿಳಿಸಿ, ಬೆಳಗಿನವರೆಗೆ ಇಡಬೇಡಿ” ಎಂದು ಹೇಳಿ ಅವಳೇ ಜೀಪಿನವನನ್ನು ಎಬ್ಬಿಸಲು ಹೋದಳು.

ನಾಚಿಕೆಯ ಮಾತು, ಆಗಲೂ ನಾವು ಅರ್ಧ ಗಂಟೆ ಚರ್ಚೆ ಮಾಡಿದೆವು. ಬೆಳಗಾಗಲಿ, ದರ್ಶನ ಮುಗಿಸಿಯೇ ಇಳಿಯೋಣವೆಂದು ಕೆಲವರ ಮಾತು. ಅತ್ಯಾ ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. “ಇಲ್ಲೀತನಕಾ ಬಂದು ದೇವರ ಮುಖಾ ನೋಡದ ಹ್ಯಾಂಗ ಹೋಗೂದು? ಗುಡಿ ಇಲ್ಲೇ ಐತೆಲ್ಲೋ.” “ಅತ್ಯಾ, ನೀವು ಮೊದಲ ಇಳೀರಿ, ದೇವರು ಎಲ್ಲೂ ಹೋಗೂದಿಲ್ಲ” ಎಂದು ಇಬ್ಬರು ಹೆಗಲು ಕೊಟ್ಟು ಜೀಪಿಗೆ ಏರಿಸಿದೆವು.

ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಆಗ ಇನ್ನು ಮೇಲೇರದೆ ಅಲ್ಲೇ ತಂಗಿದರೆ ಬಹಳ ಮಂದಿಗೆ ಒಂದೆರಡು ದಿನದಲ್ಲಿ ಗುಣವಾಗುತ್ತದೆ. ಹೆಜ್ಜೆ ತಪ್ಪುವುದು, ಮಾತು ತೊದಲುವುದು, ಮಂಕು ಕವಿಯುವುದು ಮಿದುಳಿಗೆ ಬಾವು ಬಂದಿರುವ ಗುರುತು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರೆ ಪುಪ್ಪುಸದಲ್ಲಿ ನೀರು ತುಂಬುತ್ತಿರಬಹುದು. ಎರಡೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯಬಲ್ಲವು. ಆಮ್ಲಜನಕ, ಔಷಧಿ ದೊರೆತರೆ ಕೊಡಬೇಕು, ಆದರೆ ಅವಕ್ಕಾಗಿ ಕಾಯುತ್ತ ಇಳಿಯುವುದನ್ನು ನಿಲ್ಲಿಸಬಾರದು.

ಸಾವಿರ ಮೀಟರ್ ಇಳಿದು ಜೊಮ್‌ಸೊಮ್ ತಲುಪುವುದರೊಳಗೆ ಅತ್ಯಾನ ಮಾತು ತಿಳಿಯಾಗತೊಡಗಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ ಚುಚ್ಚುಮದ್ದು ಕೊಟ್ಟರು. ತರುಣ ಡಾಕ್ಟರು ದಿನವೂ ಯಾವ ಗುಳಿಗೆ ನುಂಗುತ್ತಾರೆಂದು ಕೇಳಿದರು. ನಮ್ಮಲ್ಲಿ ಯಾರಿಗೂ ತಿಳಿಯದು! “ಸಣ್ಣದು, ಬಿಳೀದು” ಎಂದೆವು. ಪಟ್ಟಿಯಿಂದ ಕತ್ತರಿಸಿದ ತುಂಡಿನ ಮೇಲೆ ಅಕ್ಷರವೇ ಉಳಿದಿರಲಿಲ್ಲ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದಕಾರಣ ಔಷಧಿಯ ಮೂಲ ಹೆಸರು, ಪ್ರಮಾಣ, ಯಾವುದು ಮೈಗೆ ಆಗದು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಪ್ರತಿಯೊಬ್ಬರ ಕಿಸೆಯಲ್ಲೂ ಇಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಸಾಮಾನಿನ ಪೆಟ್ಟಿಗೆಗೆ ಹಾಕದೆ ಮೈಗೆ ಹತ್ತಿರ ಇಟ್ಟುಕೊಳ್ಳಲಿ. ಅಲ್ಲಿಯ ರಾತ್ರಿಯ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಹೆಲಿಕಾಪ್ಟರಿನ ಮಾತೂ ಆ ರಾತ್ರಿ ಬಂತು. ನಮ್ಮಲ್ಲಿಯ ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಹೊರದೇಶದ ಖರ್ಚನ್ನು ಕೊಡುವುದಿಲ್ಲ. ಪ್ರವಾಸದ ವಿಮೆಯನ್ನೇ ಬೇರೆ ಕೊಳ್ಳಬೇಕು. ಅದು ಎಷ್ಟು ಎತ್ತರದವರೆಗೆ ಸಲ್ಲುತ್ತದೆ, ಹೆಲಿಕಾಪ್ಟರ್ ಸೇರಿದೆಯೇ ಎಂದು ಓದಿ ನೋಡಬೇಕು. ನೇಪಾಳದಲ್ಲಿ ಆಂಬುಲೆನ್ಸಿಗೆ ೧೦೨, ಪೊಲೀಸರಿಗೆ ೧೦೦.

ಈಗ ಯಾರಾದರೂ ಕೇಳಿದರೆ ನಾವು ಹೇಳುವ ದಾರಿ ಇದು. ಪೊಖರಾದಿಂದ ಮೋಟಾರಿನಲ್ಲಿ ಹೊರಟು, ಮೊದಲ ರಾತ್ರಿ ಬಿಸಿನೀರಿನ ಬುಗ್ಗೆಯ ತಾತೊಪಾನಿ, ಅದು ೧,೨೦೦ ಮೀಟರಿನ ಆಸುಪಾಸು. ಆಮೇಲೆ ಮಾರ್ಫಾ ಅಥವಾ ಜೊಮ್‌ಸೊಮ್‌ನಲ್ಲಿ ಎರಡು ರಾತ್ರಿ. ತಲೆನೋವು ಇಲ್ಲದವರು ಮಾತ್ರ ಬೆಳಗ್ಗೆ ಮುಕ್ತಿನಾಥಕ್ಕೆ ಹೋಗಿ, ಸಂಜೆಗೆ ಇಳಿದುಬಂದು ಕೆಳಗೇ ಮಲಗಬೇಕು. ರಸ್ತೆ ಎಲುಬು ಅಲುಗಿಸುವಂಥದು, ನಿಜ. ಅಸೆಟಜೋಲಮೈಡ್ ಎಂಬ ಗುಳಿಗೆ ಮೈ ಒಗ್ಗಲು ನೆರವಾಗುತ್ತದೆ. ಮೂತ್ರಪಿಂಡದ ತೊಂದರೆ, ಸಲ್ಫಾ ಔಷಧಿಯ ಅಲರ್ಜಿ ಇರುವವರಿಗೆ ಅದು ಒಗ್ಗದಿರಬಹುದು. ಹೊರಡುವ ಮುನ್ನವೇ ನಿಮ್ಮ ಡಾಕ್ಟರನ್ನು ಕೇಳಿರಿ. ಟೈಫಾಯ್ಡ್ ಲಸಿಕೆಯ ವಿಷಯವನ್ನೂ ಆಗಲೇ ಕೇಳಿರಿ. ಧಾರೆಗಳ ನೀರು ಹಿಮದಷ್ಟು ತಣ್ಣಗೆ. ಹೃದಯ ದುರ್ಬಲವಿದ್ದವರು ಪ್ರೋಕ್ಷಣೆಗೆ ತೃಪ್ತರಾಗಲಿ.

ಮರುದಿನ ಅತ್ಯಾ ಚೇತರಿಸಿಕೊಂಡರು. ಮತ್ತೆ ಮೇಲೆ ಹೋಗಕೂಡದೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅವರು ಕಾಳಿ ಗಂಡಕಿಯ ದಂಡೆಯಲ್ಲಿ ಶಾಲು ಹೊದ್ದು, ಕರಿಯ ಕಲ್ಲುಗಳನ್ನು ನೋಡುತ್ತ, ಬಹಳ ಹೊತ್ತು ಯಾರೊಡನೆಯೂ ಮಾತಾಡದೆ ಕುಳಿತಿದ್ದರು. ಮೇಲೆ ಉಳಿದಿದ್ದ ನಾಲ್ವರು ದರ್ಶನ ಮುಗಿಸಿ, ತಾಮ್ರದ ತಂಬಿಗೆಯಲ್ಲಿ ೧೦೮ ಧಾರೆಗಳ ನೀರನ್ನು ಹಿಡಿದು ಮಧ್ಯಾಹ್ನ ಇಳಿದುಬಂದರು. ತಂಬಿಗೆ ಕಂಡೊಡನೆ ಅತ್ಯಾನ ಕಣ್ಣು ತುಂಬಿದವು. ಉದ್ಧರಣೆಯಲ್ಲಿ ತೀರ್ಥ ತೆಗೆದು ಅವರ ಕೈಗೆ ಹಾಕಲು ಹೋದೆವು. ಅವರು ಅಂಗೈ ಮುಚ್ಚಿ ತಲೆ ಬಾಗಿಸಿದರು.

“ತಲೀ ಮ್ಯಾಲೆ ಹಾಕ್ರಿ. ಕುಡಿಯೂದು ಬ್ಯಾಡ, ಕಾಸಿಲ್ಲ ಅದು.”