ಓಡುತ್ತಲೇ ನಿಲ್ಲುವ ಹಳೇ ಕಾರು: ಊರಿಗೆ ಹೊರಡುವ ಮುನ್ನ ಗಮನಿಸಿ

ಮುಂಬಯಿ: ಬೇಸಗೆ ರಜೆ ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಂಭ್ರಮ. ಮದುವೆ, ಗೃಹಪ್ರವೇಶ, ನೇಮ, ಬ್ರಹ್ಮಕಲಶ ಎಂದು ಒಂದಲ್ಲ ಒಂದು ಕಾರಣ ಇದ್ದೇ ಇರುತ್ತದೆ. ರೈಲಿನ ಟಿಕೆಟ್ ಸಿಗದವರು ಮನೆಯವರನ್ನೆಲ್ಲ ಕೂರಿಸಿಕೊಂಡು ಕಾರಿನಲ್ಲೇ ಹೊರಡುವುದುಂಟು. ಅವುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳೂ ಅನೇಕ. ವಾರವಿಡೀ ಕಟ್ಟಡದ ಕೆಳಗೆ ನಿಂತಿದ್ದು, ಭಾನುವಾರ ಸಂಘದ ಕಾರ್ಯಕ್ರಮಕ್ಕೆ ಹೋಗಿ ಬರುವ ಇಂತಹ ಕಾರು ಸಿಗ್ನಲ್‌ನಲ್ಲಿ ಒಮ್ಮೆ ನಿಂತುಹೋದರೆ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಅದೇ ಕಾರು 66ನೇ ರಾಷ್ಟ್ರೀಯ ಹೆದ್ದಾರಿಯ ಕಶೇಡಿ ಘಾಟಿಯಲ್ಲೋ, ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿಯಲ್ಲೋ ಹಿಂದೆ ಲಾರಿ ಬರುತ್ತಿರುವಾಗ ನಿಂತರೆ ಪ್ರಾಣಕ್ಕೇ ಸಂಚಕಾರ.

ಗ್ಯಾರೇಜಿಗೆ ಒಯ್ದಾಗ ಕಾರು ಸರಿಯಾಗಿಯೇ ಓಡುವುದು ಈ ದೋಷದ ದೊಡ್ಡ ತೊಡಕು. ಆಗ ಅಂದಾಜಿನ ಮೇಲೆ ಪ್ಲಗ್, ಕಾಯಿಲ್, ಪಂಪು ಎಂದು ಒಂದೊಂದೇ ಬದಲಾಗುತ್ತ ಸಾವಿರಾರು ರೂಪಾಯಿ ಖರ್ಚಾಗುತ್ತದೆ. ರೋಗ ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕಾರು ಯಾವಾಗ, ಹೇಗೆ ನಿಂತಿತು ಎಂಬುದನ್ನು ಮಾಲೀಕನೇ ಬರೆದಿಟ್ಟುಕೊಳ್ಳುವುದು ಅಗತ್ಯ.

ನಿಂತ ಬಗೆಯೇ ಸುಳಿವು

ಸ್ವಿಚ್ ಆರಿಸಿದಂತೆ ಒಮ್ಮೆಲೇ ಎಂಜಿನ್ ಬಂದ್ ಆದರೆ ಸಾಮಾನ್ಯವಾಗಿ ಅದು ವಿದ್ಯುತ್ತಿನ ದೋಷ. ಮೊದಲು ನೋಡಬೇಕಾದದ್ದು ಬ್ಯಾಟರಿಯ ಟರ್ಮಿನಲ್ ಮತ್ತು ಬಾಡಿಗೆ ಬಿಗಿದ ಅರ್ಥ್ ವೈರ್. ಕಡಲ ತೀರದ ಉಪ್ಪು ಗಾಳಿಗೆ ಇವು ತುಕ್ಕು ಹಿಡಿದು ಸಡಿಲಾಗುತ್ತವೆ. ಸ್ವಚ್ಛಗೊಳಿಸಿ ಬಿಗಿಯಲು ಹೆಚ್ಚು ಖರ್ಚಿಲ್ಲ.

ಜರ್ಕ್ ಹೊಡೆಯುತ್ತ, ಏರಿನಲ್ಲಿ ಶಕ್ತಿ ಕಳೆದುಕೊಂಡು ನಿಂತರೆ ಇಂಧನ ಸರಿಯಾಗಿ ಬರುತ್ತಿಲ್ಲವೆಂದು ಅರ್ಥ. ಕಸ ತುಂಬಿದ ಫಿಲ್ಟರ್, ಸೋತ ಪಂಪು ಇದಕ್ಕೆ ಕಾರಣವಿರಬಹುದು. ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಒಳಗೆ ನುಗ್ಗಿದ ಸದ್ದಾಗಿ, ಬಳಿಕ ಕಾರು ಚಾಲೂ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿರುವ ಸಾಧ್ಯತೆಯಿದೆ. ಈಗ ಪಂಪುಗಳಲ್ಲಿ ಸಿಗುವುದು ಬಹುತೇಕ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳಿಗೆ ಇದು ಹೊಂದದಿರಬಹುದಾದ್ದರಿಂದ ಅವುಗಳನ್ನೂ ಪರೀಕ್ಷಿಸಬೇಕು.

ಓಡುವಾಗ ಸರಿಯಿದ್ದು, ವೇಗ ತಗ್ಗಿಸಿದಾಗ ಅಥವಾ ಸಿಗ್ನಲ್‌ನಲ್ಲಿ ಎ.ಸಿ. ಹಾಕಿದಾಗ ನಿಲ್ಲುವ ಕಾರಿಗೆ ಗಾಳಿಯ ತೊಂದರೆ. ಎಂಪಿಎಫ್‌ಐ ಕಾರಾದರೆ ಥ್ರಾಟಲ್ ಬಾಡಿಯ ಮಸಿ ತೆಗೆಯಬೇಕು. ಹಳೇ ಮಾರುತಿ 800ರಂತಹ ಕಾರ್ಬೊರೇಟರ್ ಕಾರಾದರೆ ಕಾರ್ಬೊರೇಟರ್ ತೊಳೆದು ಟ್ಯೂನಿಂಗ್ ಮಾಡಿಸಬೇಕು.

ಒಂದು ಗಂಟೆ ಓಡಿ ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ತಣಿದ ಬಳಿಕ ಏನೂ ಆಗದವರಂತೆ ಹೊರಡುವ ಕಾರುಗಳೂ ಇವೆ. ಇಗ್ನಿಷನ್ ಕಾಯಿಲ್, ಕ್ರ್ಯಾಂಕ್ ಸೆನ್ಸರ್ ಅಥವಾ ಪಂಪು ಬಿಸಿಗೆ ಕೈಕೊಡುವಾಗ ಹೀಗಾಗುತ್ತದೆ. ತಣ್ಣಗಿನ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟರೆ ಇದು ಸಿಕ್ಕಿಬೀಳದು; ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬೇಕು. ಮಳೆಯಲ್ಲಿ ಮಾತ್ರ ನಿಂತರೆ ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್‌ಗಳಲ್ಲಿ ಸೀಳು ಇದೆಯೇ ಎಂದು ನೋಡಬೇಕು.

ಸಿಎನ್‌ಜಿ ಇದ್ದವರಿಗೆ ಸುಲಭ ಪರೀಕ್ಷೆ

ಸಿಎನ್‌ಜಿ ಕಿಟ್ ಇರುವ ಕಾರಿನವರು ಕೆಲವು ದಿನ ಪೆಟ್ರೋಲ್‌ನಲ್ಲೇ ಓಡಿಸಿ ನೋಡಬಹುದು. ಗ್ಯಾಸಿನಲ್ಲಿ ಮಾತ್ರ ನಿಲ್ಲುವುದಾದರೆ ದೋಷ ಗ್ಯಾಸ್ ಫಿಲ್ಟರ್ ಅಥವಾ ರಿಡ್ಯೂಸರ್‌ನ ಕಡೆ ಇರಬಹುದು. ಪೆಟ್ರೋಲ್‌ನಲ್ಲಿ ಮಾತ್ರ ನಿಂತರೆ ಪಂಪು, ಫಿಲ್ಟರ್‌ಗಳತ್ತ ನೋಡಬೇಕು. ಎರಡರಲ್ಲೂ ನಿಂತರೆ ಹೆಚ್ಚಾಗಿ ಕಿಡಿಯದ್ದೋ ವೈರಿಂಗಿನದ್ದೋ ತೊಂದರೆ. ಸದಾ ಗ್ಯಾಸಿನಲ್ಲೇ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಹಳತಾಗಿ ಉಳಿಯುವುದೂ ಒಳ್ಳೆಯದಲ್ಲ. ಗ್ಯಾಸಿನ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ. ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಬೇಕು.

'ಚೆಕ್ ಎಂಜಿನ್' ದೀಪ ಬೆಳಗಿದರೆ ಸ್ಕ್ಯಾನರ್ ಹಚ್ಚಿಸಿ ಕೋಡ್ ಬರೆದಿಟ್ಟುಕೊಳ್ಳಬೇಕು. ಕೋಡ್ ದೋಷವಿರುವ ದಿಕ್ಕನ್ನಷ್ಟೇ ತೋರಿಸುತ್ತದೆ. ಕೋಡಿನಲ್ಲಿ ಸೆನ್ಸರ್ ಹೆಸರು ಬಂದ ಮಾತ್ರಕ್ಕೆ ಸೆನ್ಸರೇ ಹಾಳಾಗಿರಬೇಕೆಂದಿಲ್ಲ, ಅದರ ವೈರ್ ತುಂಡಾಗಿರಲೂಬಹುದು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ತೆಗೆದ ಹಳೇ ಭಾಗವನ್ನು ಕೇಳಿ ಪಡೆಯುವುದು ಒಳಿತು.

ದಾರಿಯಲ್ಲಿ ನಿಂತರೆ

ಎಂಜಿನ್ ಬಂದ್ ಆದೊಡನೆ ಪವರ್ ಸ್ಟೀಯರಿಂಗ್ ಭಾರವಾಗುತ್ತದೆ. ಬ್ರೇಕ್ ಒಂದೆರಡು ಸಲ ಚೆನ್ನಾಗಿ ಹಿಡಿದು, ಬಳಿಕ ಪೆಡಲ್ ಗಟ್ಟಿಯಾಗುತ್ತದೆ. ಆದ್ದರಿಂದ ಬ್ರೇಕನ್ನು ಪದೇಪದೇ ಒತ್ತದೆ ಒಂದೇ ಸಮನೆ ಬಲವಾಗಿ ಒತ್ತಬೇಕು. ಕಾರು ಪೂರ್ತಿ ನಿಲ್ಲುವ ತನಕ ಚಾವಿ ತೆಗೆಯಲೇಬಾರದು, ತೆಗೆದರೆ ಸ್ಟೀಯರಿಂಗ್ ಲಾಕ್ ಆದೀತು. ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಸಿ, ಮಕ್ಕಳು, ಹಿರಿಯರನ್ನು ಎಡಬಾಗಿಲಿನಿಂದಲೇ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

ಹೊರಡುವ ಹಿಂದಿನ ಸಂಜೆ ಗ್ಯಾರೇಜಿಗೆ ಓಡುವ ಬದಲು ಎರಡು ವಾರ ಮುಂಚೆಯೇ ಕಾರು ತೋರಿಸಿ, ಬಳಿಕ ಎ.ಸಿ. ಹಾಕಿಕೊಂಡು ಒಂದೆರಡು ಗಂಟೆ ಓಡಿಸಿ ಖಚಿತಪಡಿಸಿಕೊಳ್ಳಬೇಕು. ಆಗಲೂ ಕಾರು ನಿಂತರೆ ಆ ಬಾರಿಯ ಪ್ರಯಾಣ ಬಸ್ಸಿನಲ್ಲಾಗಲಿ. ಮನೆಮಂದಿಯೆಲ್ಲ ಕ್ಷೇಮವಾಗಿ ಊರು ತಲುಪುವುದು ಮುಖ್ಯ.